ಐಸ್ ಕರಗಿಸೋದಿಲ್ಲ ಮೇಷ್ಟ್ರೇ, ಜಗಳ ಇರೋದು ರಾತ್ರಿಗಳಿಗೆ

ಪ್ರಶ್ನೆ: ಚಳಿಗಾಲದಲ್ಲಿ ಮಗನ ಮನೆಗೆ ಟೊರಾಂಟೊಗೆ ಹೋಗಿದ್ದೆ. ಒಂದು ಶುಕ್ರವಾರ ರಾತ್ರಿ ಸ್ಕೋಶಿಯಾಬ್ಯಾಂಕ್ ಅರೀನಾದಲ್ಲಿ ರಾಪ್ಟರ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ನೋಡಿದೆವು. ಮಾರನೆಯ ಸಂಜೆ ಟಿವಿ ಹಚ್ಚಿದರೆ ಅದೇ ಕಟ್ಟಡ, ಅದೇ ಕುರ್ಚಿಗಳು, ಆದರೆ ನೆಲದ ತುಂಬ ಐಸ್. ಮೇಪಲ್ ಲೀಫ್ಸ್ ತಂಡ ಹಾಕಿ ಆಡುತ್ತಿದೆ! ಒಂದೇ ರಾತ್ರಿಯಲ್ಲಿ ಅಷ್ಟು ನೀರು ಹೆಪ್ಪುಗಟ್ಟಿಸುವುದು ಹೇಗೆ? ಎರಡು ತಂಡಕ್ಕೂ ದಿನ ಹಂಚುವವರು ಯಾರು? ಶನಿವಾರ ರಾತ್ರಿ ರಾಪ್ಟರ್ಸ್‌ಗೆ ಸಿಗುವುದೇ ಅಪರೂಪ ಅಂತ ಮಗ ಹೇಳುತ್ತಾನೆ, ನಿಜವೇ? ಮುಂದಿನ ಸಲ ಮೊಮ್ಮಗನ ಜತೆ ಒಂದೇ ವಾರಾಂತ್ಯದಲ್ಲಿ ಎರಡೂ ಆಟ ನೋಡುವ ಆಸೆ. ಯಾವಾಗ ಹೋಗಲಿ?
ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಮೇಷ್ಟ್ರೇ, ಹೆಪ್ಪುಗಟ್ಟಿಸುವ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭದ್ದು. ಆ ರಾತ್ರಿ ಯಾರೂ ಏನನ್ನೂ ಹೆಪ್ಪುಗಟ್ಟಿಸಲಿಲ್ಲ. ನೀವು ಶುಕ್ರವಾರ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದಾಗಲೂ ಐಸ್ ಅಲ್ಲೇ ಇತ್ತು, ಆಟಗಾರರ ಕಾಲಡಿಯ ಮರದ ಹಲಗೆಗಳ ಕೆಳಗೆ. ಕೋರ್ಟಿನ ಅಂಚಿಗೇ ಕುರ್ಚಿ ಹಾಕಿಕೊಂಡು ಕೂತ ದುಡ್ಡಿನ ಜನ ಇರ್ತಾರಲ್ಲ, ಅವರೂ ಗೊತ್ತಿಲ್ಲದೆ ಐಸ್ ಮೇಲೇ ಕೂತಿರುತ್ತಾರೆ.

ನಮಗೆ ಹಾಕಿ ಅಂದರೆ ಕೊಡಗು, ಹುಲ್ಲು, ಕೋಲು. ಕೆನಡಾದಲ್ಲಿ ಬರೀ ಹಾಕಿ ಅಂದರೂ ಐಸ್ ಹಾಕಿಯೇ. ಕನ್ನಡದಲ್ಲಿ ಇದೊಂದು ತಮಾಷೆ ಬೇರೆ: ವರ್ಷಕ್ಕೊಂದು ಸಲ ಐಸ್ ಹಾಕಿ, ಅದರ ಮೇಲೆ ಏಳೆಂಟು ತಿಂಗಳು ಐಸ್ ಹಾಕಿ ಆಡುತ್ತಾರೆ. ನೆಲದ ಕಾಂಕ್ರೀಟಿನೊಳಗೆ ಮೈಲಿಗಟ್ಟಲೆ ಕೊಳವೆ ಇರುತ್ತದೆ. ಅದರಲ್ಲಿ ಉಪ್ಪುನೀರೋ ಗ್ಲೈಕಾಲೋ, ಒಟ್ಟಿನಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೂ ಗಟ್ಟಿಯಾಗದ ತಣ್ಣನೆಯ ದ್ರವ ಸುತ್ತುತ್ತಿರುತ್ತದೆ. ಮೇಲೆ ನೀರನ್ನು ತೆಳ್ಳೇವು ಎರೆದ ಹಾಗೆ ಪದರ ಪದರವಾಗಿ ಸಿಂಪಡಿಸುತ್ತಾರೆ, ನಡುವೆ ಬಿಳಿ ಬಣ್ಣ, ಗೆರೆಗಳು, ತಂಡದ ಗುರುತು, ಆಮೇಲೆ ಮತ್ತೆ ನೀರು. ಎಲ್ಲ ಸೇರಿ ಒಂದು ಇಂಚಿನ ಆಸುಪಾಸು ದಪ್ಪ, ಅಷ್ಟೇ. ಆದರೆ ಅಷ್ಟಾಗುವುದಕ್ಕೆ ದಿನಗಳು ಬೇಕು, ಗಂಟೆಗಳಲ್ಲ. ಹಾಗಾಗಿ ಸೀಸನ್‌ಗೆ ಮುಂಚೆ ಒಮ್ಮೆ ಹಾಕಿದರೆ ಹಾಕಿ ತಂಡದ ಕೊನೆಯ ಪಂದ್ಯ ಮುಗಿಯುವವರೆಗೂ ಅದನ್ನು ತೆಗೆಯುವ ಮಾತೇ ಇಲ್ಲ.

ಬ್ಯಾಸ್ಕೆಟ್‌ಬಾಲ್ ಇದ್ದ ದಿನ ಏನು ಮಾಡುತ್ತಾರೆ ಅಂದರೆ, ಶಾಖ ದಾಟದ ದಪ್ಪ ಹಲಗೆಗಳನ್ನು ಐಸ್ ಮೇಲೆ ಉದ್ದಕ್ಕೂ ಹಾಸುತ್ತಾರೆ. ಸುತ್ತಲಿನ ಗಾಜು ಬಿಚ್ಚುತ್ತಾರೆ. ಹಾಕಿ ರಿಂಕು, ಅಂದರೆ ಐಸ್ ಮೈದಾನ, 200 ಅಡಿ ಉದ್ದ, 85 ಅಡಿ ಅಗಲ. ಬ್ಯಾಸ್ಕೆಟ್‌ಬಾಲ್ ಕೋರ್ಟು ಬರೀ 94 ಅಡಿಗೆ 50. ಉಳಿದ ಜಾಗಕ್ಕೆ, ಅಂದರೆ ನಿನ್ನೆ ಗೋಲ್‌ಕೀಪರ್ ನಿಂತಿದ್ದ ಜಾಗದ ಮೇಲೆಲ್ಲ, ಒಳಗಿಂದ ಎಳೆಯುವ ಸೀಟುಗಳ ಮೆಟ್ಟಿಲು ಬರುತ್ತದೆ. ನಡುವೆ ಮೇಪಲ್ ಮರದ ಕೋರ್ಟಿನ ತುಂಡುಗಳು, ಒಂದೊಂದಕ್ಕೂ ನಂಬರು, ಇನ್ನೂರಕ್ಕೂ ಜಾಸ್ತಿ ತುಂಡುಗಳನ್ನು ಜಿಗ್‌ಸಾ ಒಗಟಿನ ಹಾಗೆ ಸೇರಿಸಿ ಬಿಗಿಯುತ್ತಾರೆ. ಪಳಗಿದ ಆಳುಗಳು ಇದ್ದರೆ ಎರಡರಿಂದ ನಾಲ್ಕು ಗಂಟೆ ಕೆಲಸ. ನಮ್ಮ ಅಕ್ಕನ ಮದುವೆಯಲ್ಲಿ ಮಂಟಪದವರು ಬೆಳಿಗ್ಗೆ ನಮಗೆ, ಸಂಜೆ ಇನ್ಯಾರದೋ ರಿಸೆಪ್ಷನ್‌ಗೆ ಕೊಟ್ಟಿದ್ದರು. ಮೂರನೇ ಪಂಕ್ತಿ ಇನ್ನೂ ಪಾಯಸದಲ್ಲಿತ್ತು, ಹೂವಿನವರು ನಮ್ಮ ತೋರಣ ಬಿಚ್ಚುತ್ತಿದ್ದರು. ಅರೀನಾದಲ್ಲೂ ಹಾಗೇ. ಕೊನೆಯ ಬಜರ್ ಆಗಿ ಜನ ಮೆಟ್ಟಿಲು ಹತ್ತುತ್ತಿರುವಾಗಲೇ ಫೋರ್ಕ್‌ಲಿಫ್ಟ್ ಒಳಗೆ ಬಂದಿರುತ್ತದೆ.

ರಾತ್ರಿಯೇ ಮಾಡಬೇಕಾ, ಬೆಳಿಗ್ಗೆ ನಿಧಾನವಾಗಿ ಮಾಡಬಾರದಾ ಅಂತ ಕೇಳಬಹುದು. ಹಾಕಿ ತಂಡಗಳು ಪಂದ್ಯದ ದಿನ ಬೆಳಿಗ್ಗೆ ಅದೇ ಐಸ್ ಮೇಲೆ ಒಂದು ಸುತ್ತು ಅಭ್ಯಾಸ ಮಾಡುತ್ತವೆ, ಬ್ಯಾಸ್ಕೆಟ್‌ಬಾಲ್‌ನವರೂ ಬೆಳಗಿನ ಹೊತ್ತು ಬುಟ್ಟಿಗೆ ಚೆಂಡು ಹಾಕಿ ಕೈ ಪಳಗಿಸಿಕೊಳ್ಳುತ್ತಾರೆ. ಅಷ್ಟರೊಳಗೆ ನೆಲ ತಯಾರಾಗಿರಬೇಕು. ಅದಕ್ಕೇ ಈ ಕೆಲಸದ ಪಾಳಿ ಮಧ್ಯರಾತ್ರಿಯದ್ದು.

ಎಡವಟ್ಟು ಆಗೋದಿಲ್ಲ ಅಂತಲ್ಲ. 2016ರ ನವೆಂಬರ್ 30ರಂದು ಫಿಲಡೆಲ್ಫಿಯಾದಲ್ಲಿ ಸೆವೆಂಟಿಸಿಕ್ಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಪಂದ್ಯ ಇತ್ತು. ಆ ದಿನ ಕಾಲಕ್ಕೆ ಹೊಂದದ ಸೆಕೆ, ಗಾಳಿಯಲ್ಲಿ ತೇವ. ಕೆಳಗೆ ಐಸ್, ಮೇಲೆ ಬೆಚ್ಚಗಿನ ಒದ್ದೆ ಗಾಳಿ, ನಡುವೆ ಮರದ ಕೋರ್ಟು. ಫ್ರಿಜ್‌ನಿಂದ ತೆಗೆದಿಟ್ಟ ಚೊಂಬು ಬೆವರುತ್ತಲ್ಲ, ಹಾಗೆ ಕೋರ್ಟು ಬೆವರಿತು. ಒರೆಸಿದಷ್ಟೂ ಮತ್ತೆ ಬಂತು. ಆಟಗಾರರು ಜಾರುತ್ತಾರೆ ಅಂತ ಪಂದ್ಯವನ್ನೇ ಮುಂದೂಡಿದರು, ಜನ ಮನೆಗೆ ಹೋದರು. ಇಂಥದ್ದು ತೀರಾ ಅಪರೂಪ, ಅದಕ್ಕೇ ನೆನಪಿರುವುದು. ದಿನನಿತ್ಯದ ಗೊಣಗಾಟ ಬೇರೆ: ಹಾಕಿಯವರಿಗೆ ಒಳಗಡೆ ಚಳಿ ಬೇಕು, ಗಾಳಿ ಒಣಗಿರಬೇಕು, ಬ್ಯಾಸ್ಕೆಟ್‌ಬಾಲ್‌ನವರಿಗೆ ಸ್ನಾಯು ಸೆಟೆಯದಷ್ಟು ಬೆಚ್ಚಗೆ ಬೇಕು. ದಿನಾ ಮುಚ್ಚಿ ತೆಗೆದು ಮಾಡಿದ ಐಸ್ ಮೆತ್ತಗಾಗುತ್ತದೆ ಅಂತ ಹಾಕಿ ಆಟಗಾರರು ದೂರುತ್ತಲೇ ಇರುತ್ತಾರೆ.

ಇಷ್ಟು ನೆಲದ ಕಥೆ. ಎಷ್ಟೇ ಕಷ್ಟ ಅನ್ನಿಸಿದರೂ ಇದು ದುಡ್ಡು ಕೊಟ್ಟು, ಆಳು ಇಟ್ಟು ಬಗೆಹರಿಸುವ ಸಮಸ್ಯೆ. ನೆಲ ಬದಲಿಸುವುದನ್ನು ಬೇಗ ಮಾಡಬಹುದು, ಇನ್ನೊಂದು ಶನಿವಾರವನ್ನು ಎಲ್ಲಿಂದ ತರುತ್ತೀರಿ? ನಾನು ಹೊಟ್ಟೆಪಾಡಿಗೆ ಮಾಡುವುದು ವಿಮಾನ ಸಿಬ್ಬಂದಿಯ ಪಾಳಿ ಹೊಂದಿಸುವ ಲೆಕ್ಕದ ಕೆಲಸ, ಅದರಲ್ಲೂ ಇದೇ ಗೋಳು. ಯಂತ್ರ, ಜಾಗ ಎಲ್ಲ ಸಿಗುತ್ತವೆ, ಎಲ್ಲರಿಗೂ ಬೇಕಾಗಿರುವ ದಿನ ಮಾತ್ರ ಸಿಗೋದಿಲ್ಲ.

ಮೊದಲು ಬರೀ ಕೂಡಿಸಿ ಕಳೆದು ನೋಡಿ. ಬ್ಯಾಸ್ಕೆಟ್‌ಬಾಲ್‌ನ ಲೀಗ್ ಎನ್‌ಬಿಎ, ಹಾಕಿಯದ್ದು ಎನ್‌ಎಚ್‌ಎಲ್. ಎರಡರಲ್ಲೂ ಒಂದು ತಂಡಕ್ಕೆ 82 ಪಂದ್ಯ, ಅದರಲ್ಲಿ 41 ತವರಿನಲ್ಲಿ. (ಹಾಕಿಯಲ್ಲಿ 2026-27ರಿಂದ 84 ಆಗುತ್ತದೆ, ಅಂದರೆ ತವರಿನಲ್ಲಿ 42.) 2025-26ರಲ್ಲಿ ಹಾಕಿ ಅಕ್ಟೋಬರ್ 7ಕ್ಕೆ ಶುರುವಾಗಿ ಏಪ್ರಿಲ್ 16ರವರೆಗೆ, ಒಟ್ಟು 192 ದಿನ. ಬ್ಯಾಸ್ಕೆಟ್‌ಬಾಲ್ ಅಕ್ಟೋಬರ್ 21ರಿಂದ ಏಪ್ರಿಲ್ 12, ಒಟ್ಟು 174 ದಿನ. ಎರಡು ತಂಡ ಸೇರಿ 82 ರಾತ್ರಿ ಬೇಕು, ಇರುವುದು 192. ಇನ್ನೂ 110 ರಾತ್ರಿ ಕಟ್ಟಡ ಖಾಲಿ, ಏನು ಮಹಾ ಕಷ್ಟ ಅನ್ನಿಸುತ್ತೆ, ಅಲ್ವಾ?

ಮದುವೆ ಮಂಟಪವೂ ವರ್ಷಕ್ಕೆ 365 ದಿನ ಇರುತ್ತದೆ. ಆದರೆ ಆಷಾಢದ ಮಂಗಳವಾರ ಯಾರಿಗೆ ಬೇಕು? ಎಲ್ಲರೂ ಕೇಳುವುದು ಮುಹೂರ್ತದ ದಿನವನ್ನೇ. ಇಲ್ಲಿಯ ಮುಹೂರ್ತ ಅಂದರೆ ಶುಕ್ರವಾರ ರಾತ್ರಿ, ಶನಿವಾರ ರಾತ್ರಿ, ಭಾನುವಾರ. ಅದಕ್ಕೆ ಹಾಡುಗಾರರ ಕಾರ್ಯಕ್ರಮ, ಕುಸ್ತಿ ಶೋ, ಮಕ್ಕಳ ಐಸ್ ಶೋ, ಎಲ್ಲರೂ ಕ್ಯೂ. ಇಂಥ ದೊಡ್ಡ ಅರೀನಾಗಳು ವರ್ಷಕ್ಕೆ 200ರ ಆಸುಪಾಸು ಕಾರ್ಯಕ್ರಮ ಮಾಡುತ್ತವೆ. ಒಂದು ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ವೇದಿಕೆ ಕಟ್ಟಲು ಒಂದು ದಿನ ಬೇಕಾದರೆ ಆ ದಿನವೂ ಹೋಯಿತು.

ಮೇಲೆ ತಂಡಗಳದ್ದೇ ಕಟ್ಟುಪಾಡುಗಳಿವೆ. ಹಾಕಿಯವರು ಡಿಸೆಂಬರ್ 24, 25, 26ಕ್ಕೆ ಆಡುವುದಿಲ್ಲ, ಆಟಗಾರರ ಜತೆಗಿನ ಒಪ್ಪಂದ ಅದು. ಬ್ಯಾಸ್ಕೆಟ್‌ಬಾಲ್‌ನವರಿಗೆ ಕ್ರಿಸ್‌ಮಸ್ ದಿನವೇ ಟಿವಿಯ ದೊಡ್ಡ ಹಬ್ಬ, ಐದು ಪಂದ್ಯ ಇಡುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಕೇಳದೆಯೇ ಹೊಂದಿಕೊಂಡಿದ್ದಾರೆ. 2026ರ ಫೆಬ್ರವರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಹಾಕಿ ಲೀಗು 6ರಿಂದ 24ರವರೆಗೆ ಬಾಗಿಲು ಹಾಕಿತು, ಹಾಗಾಗಿ ಅಷ್ಟೇ 82 ಪಂದ್ಯವನ್ನು ಉಳಿದ ದಿನಗಳಲ್ಲಿ ಒತ್ತಿ ತುಂಬಬೇಕಾಯಿತು. ಇನ್ನು ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಟಗಾರರ ದಣಿವಿನ ಲೆಕ್ಕ. 2014-15ರಲ್ಲಿ ಒಂದು ತಂಡ ಸರಾಸರಿ 19.3 ಸಲ ಬೆನ್ನಿಗೆ ಬೆನ್ನು ಎರಡು ರಾತ್ರಿ ಆಡುತ್ತಿತ್ತು, 2017-18ಕ್ಕೆ ಅದನ್ನು 14.4ಕ್ಕೆ ಇಳಿಸಿದರು. ಐದು ರಾತ್ರಿಯಲ್ಲಿ ನಾಲ್ಕು ಪಂದ್ಯ ಆಡಿಸುವುದನ್ನು ಪೂರ್ತಿ ನಿಲ್ಲಿಸಿದರು. ಆಟಗಾರರಿಗೆ ಒಳ್ಳೆಯದೇ ಆಯಿತು. ಆದರೆ ಪಂದ್ಯಗಳನ್ನು ಬಿಡಿಸಿ ಬಿಡಿಸಿ ಇಡಬೇಕಾದರೆ ಜಾಸ್ತಿ ಖಾಲಿ ದಿನ ಬೇಕು, ಅವನ್ನು ಕೊಡಬೇಕಾದವರು ಅದೇ ಅರೀನಾದವರು.

ಈಗ ನಿಮ್ಮ ಮಗನ ಮಾತು. ಅದು ನಿಜ. ಕೆನಡಾದಲ್ಲಿ ಶನಿವಾರ ರಾತ್ರಿ ಅಂದರೆ ಹಾಕಿ. ರೇಡಿಯೋದಲ್ಲಿ 1930ರ ದಶಕದಿಂದ, ಟಿವಿಯಲ್ಲಿ 1952ರಿಂದ ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ಹಾಕಿ ನೋಡುವುದು ಅಲ್ಲಿಯ ಪದ್ಧತಿ, ನಮ್ಮಲ್ಲಿ ಒಂದು ಕಾಲಕ್ಕೆ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಊರೇ ಸೇರುತ್ತಿತ್ತಲ್ಲ, ಹಾಗೆ, ಆದರೆ ಇದು ಇವತ್ತಿಗೂ ನಿಂತಿಲ್ಲ. ಇದರ ಹಿಂದೆ ಬರೀ ಪ್ರೀತಿ ಇಲ್ಲ. ಕೆನಡಾದ ರೋಜರ್ಸ್ ಕಂಪನಿ 2014ರಿಂದ 12 ವರ್ಷದ ಪ್ರಸಾರದ ಹಕ್ಕಿಗೆ 520 ಕೋಟಿ ಕೆನಡಾ ಡಾಲರ್ ಕೊಟ್ಟಿತ್ತು. 2026-27ರಿಂದ ಮುಂದಿನ 12 ವರ್ಷಕ್ಕೆ 1,100 ಕೋಟಿ. ಅಷ್ಟು ಕೊಟ್ಟವರಿಗೆ ಶನಿವಾರ ರಾತ್ರಿ ಟೊರಾಂಟೊ ತಂಡ ಬೇಕೇ ಬೇಕು. ಲೀಫ್ಸ್ ಊರಲ್ಲಿದ್ದ ಶನಿವಾರ ಆ ಕಟ್ಟಡ ಅವರದ್ದು, ಎರಡನೇ ಮಾತಿಲ್ಲ. ಅವರು ಮಾಂಟ್ರಿಯಲ್‌ಗೋ ಬಾಸ್ಟನ್‌ಗೋ ಹೋಗಿದ್ದರೆ ಮಾತ್ರ ರಾಪ್ಟರ್ಸ್‌ಗೆ ಶನಿವಾರ ಸಿಗಬಹುದು. ಹಾಗಾಗಿಯೇ ನಿಮಗೆ ಶುಕ್ರವಾರ ಬ್ಯಾಸ್ಕೆಟ್‌ಬಾಲ್ ಸಿಕ್ಕಿದ್ದು.

ತಮಾಷೆ ಏನು ಗೊತ್ತಾ? ಆ ಕಟ್ಟಡವನ್ನು ಕಟ್ಟಲು ಶುರು ಮಾಡಿದ್ದೇ ರಾಪ್ಟರ್ಸ್. 1995ರಲ್ಲಿ ಹುಟ್ಟಿದ ತಂಡ, ಮೊದಲು ಸ್ಕೈಡೋಮ್ ಅನ್ನುವ ದೈತ್ಯ ಬೇಸ್‌ಬಾಲ್ ಮೈದಾನದಲ್ಲಿ ಆಡಿಕೊಂಡಿತ್ತು. ತಮಗಾಗಿ ಒಂದು ಬ್ಯಾಸ್ಕೆಟ್‌ಬಾಲ್ ಅರೀನಾ ಕಟ್ಟಿಸುತ್ತಿದ್ದರು. 1998ರಲ್ಲಿ ಮೇಪಲ್ ಲೀಫ್ಸ್‌ನ ಮಾಲೀಕರು ರಾಪ್ಟರ್ಸನ್ನೂ, ಅರ್ಧ ಕಟ್ಟಿದ ಕಟ್ಟಡವನ್ನೂ ಒಟ್ಟಿಗೇ ಕೊಂಡುಕೊಂಡು, ನಕ್ಷೆ ಬದಲಿಸಿ ಹಾಕಿಗೂ ಹೊಂದುವಂತೆ ಮಾಡಿದರು. 1999ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಮನೆ ಕಟ್ಟಲು ಹೊರಟವರಿಗೆ ಶುಕ್ರವಾರ, ಆಮೇಲೆ ಬಂದವರಿಗೆ ಶನಿವಾರ.

ದಿನ ಹಂಚುವವರು ಯಾರು ಅನ್ನುವ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಹಂಚುವುದು ಅರೀನಾದ ಬುಕಿಂಗ್ ನೋಡಿಕೊಳ್ಳುವವರು, ಹಾಗಾಗಿ ಆ ಅರೀನಾ ಯಾರದ್ದು ಅನ್ನುವುದರ ಮೇಲೆ ಬಹಳ ನಿಂತಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಈಗ ಎರಡೂ ಲೀಗಿನ ತಂಡಗಳು ಹಂಚಿಕೊಂಡಿರುವ ಕಟ್ಟಡ 11 ಇವೆ. ನ್ಯೂಯಾರ್ಕ್, ಟೊರಾಂಟೊ, ವಾಷಿಂಗ್ಟನ್, ಡೆನ್ವರ್, ಸಾಲ್ಟ್ ಲೇಕ್ ಸಿಟಿ ಇಲ್ಲೆಲ್ಲ ಎರಡೂ ತಂಡಕ್ಕೆ ಒಬ್ಬರೇ ಯಜಮಾನರು. ಅಪ್ಪ ಒಬ್ಬನೇ ಇರುವ ಮನೆಯ ಹಾಗೆ, ಜಗಳ ಒಳಗೇ ತೀರುತ್ತದೆ. ಬಾಸ್ಟನ್‌ನಲ್ಲಿ ಕಟ್ಟಡವೂ ಹಾಕಿ ತಂಡವೂ ಒಬ್ಬರದ್ದು, ಬ್ಯಾಸ್ಕೆಟ್‌ಬಾಲ್‌ನ ಸೆಲ್ಟಿಕ್ಸ್ ಬಾಡಿಗೆದಾರರು; ಎನ್‌ಬಿಎಯಲ್ಲಿ ಅತಿ ಹೆಚ್ಚು ಸಲ ಗೆದ್ದ ತಂಡ ಅದು, ಆದರೂ ಬಾಡಿಗೆ ಮನೆ. ಶಿಕಾಗೋದಲ್ಲಿ ಎರಡು ಮನೆತನ ಸೇರಿ ಕಟ್ಟಡ ಇಟ್ಟುಕೊಂಡಿವೆ. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಅಂತೀವಿ, ಇವರು ಇಟ್ಟುಕೊಂಡು ದಶಕಗಳಾದವು.

ಕೆಲಸ ನಡೆಯುವ ರೀತಿ ಹೀಗೆ. ಕಟ್ಟಡದ ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೂ ‘ಹೋಲ್ಡ್’ ಇರುತ್ತದೆ. ಮೊದಲು ಕೇಳಿದವರಿಗೆ ಫಸ್ಟ್ ಹೋಲ್ಡ್, ಆಮೇಲಿನವರಿಗೆ ಸೆಕೆಂಡ್ ಹೋಲ್ಡ್. ಎರಡನೆಯವರು ನಾವು ಈಗಲೇ ದುಡ್ಡು ಕಟ್ಟುತ್ತೇವೆ ಅಂದರೆ ಮೊದಲನೆಯವರು ಬೇಗ ಹೌದೋ ಅಲ್ಲವೋ ಹೇಳಿಬಿಡಬೇಕು. ತಂಡಗಳು ತಮ್ಮ ಪಾಲಿಗೆ ಬಂದ ದಿನಗಳ ಪಟ್ಟಿಯನ್ನು ತಂತಮ್ಮ ಲೀಗಿಗೆ ಕಳಿಸುತ್ತವೆ. 41 ಪಂದ್ಯಕ್ಕೆ 41 ದಿನ ಕೊಟ್ಟರೆ ಸಾಲದು, ಅದಕ್ಕಿಂತ ಜಾಸ್ತಿ ಕೊಡಬೇಕು, ಅದರಲ್ಲಿ ವಾರದ ನಾನಾ ದಿನ ಇರಬೇಕು. ಲೀಗಿನವರು ಎಲ್ಲ ಪಟ್ಟಿ ರಾಶಿ ಹಾಕಿಕೊಂಡು ಎನ್‌ಬಿಎಯಲ್ಲಿ 1,230 ಪಂದ್ಯ, ಎನ್‌ಎಚ್‌ಎಲ್‌ನಲ್ಲಿ 1,312 ಪಂದ್ಯ ಜೋಡಿಸುತ್ತಾರೆ. ಈಗ ಕಂಪ್ಯೂಟರ್ ಇದೆ, ನಿಜ. ಎನ್‌ಬಿಎಯಲ್ಲಿ ದಶಕಗಳ ಕಾಲ ಈ ಕೆಲಸ ಮಾಡಿದವರು ಮ್ಯಾಟ್ ವಿನಿಕ್ ಅನ್ನುವವರು, ಹೆಚ್ಚುಕಡಿಮೆ ಕೈಯಲ್ಲೇ ಹೆಣೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಕೊನೆಯಲ್ಲಿ ಮನುಷ್ಯರೇ ಕೂತು ನೋಡಬೇಕು. ಲೆಕ್ಕಕ್ಕೆ ಸರಿ ಕಂಡದ್ದು ಆಟಗಾರನ ಕಣ್ಣಿಗೆ ಹುಚ್ಚಾಟ ಆಗಿರಬಹುದು.

ಯಾಕೆ ಅಷ್ಟು ಕಷ್ಟ ಅಂದರೆ, ಒಂದು ಊರಿನ ಒಂದು ದಿನ ಆ ಊರಿಗೆ ಮಾತ್ರ ಸೇರಿದ್ದಲ್ಲ. ನೀವು ಮಲೆನಾಡಿನವರು, ಯಕ್ಷಗಾನ ಮೇಳದ ತಿರುಗಾಟ ಗೊತ್ತಿರುತ್ತದೆ. ಇವತ್ತು ಈ ಊರು, ನಾಳೆ ಹತ್ತಿರದ ಊರು, ಒಂದು ಕಟ್ಟೆಯವರು ದಿನ ಬದಲಿಸಿದರೆ ಇಡೀ ವಾರದ ಆಟಗಳು ಅಲುಗಾಡುತ್ತವೆ. ಇವರದ್ದೂ ತಿರುಗಾಟವೇ, ಕಾಲವೂ ಹೆಚ್ಚುಕಡಿಮೆ ಅದೇ: ದೀಪಾವಳಿ ಹೊತ್ತಿಗೆ ಶುರು, ಬೇಸಿಗೆ ಹೊತ್ತಿಗೆ ಮುಕ್ತಾಯ. ಬಾಸ್ಟನ್ ತಂಡ ಪಶ್ಚಿಮ ಕರಾವಳಿಗೆ ಹೋದರೆ ಒಂದೇ ಪಂದ್ಯ ಆಡಿ ವಾಪಸ್ ಬರುವುದಿಲ್ಲ, ಅಲ್ಲಿಯ ನಾಲ್ಕೈದು ಊರು ಮುಗಿಸಿಕೊಂಡು ಬರಬೇಕು. ಲಾಸ್ ಏಂಜಲಿಸ್‌ನ ಕಟ್ಟಡದಲ್ಲಿ ಆ ಮಂಗಳವಾರ ಹಾಕಿ ಇದೆ ಅಂದರೆ ಬುಧವಾರ ಅಲ್ಲಿ, ಹಾಗಾದರೆ ಗುರುವಾರದ ಇನ್ನೊಂದು ಊರು ಶುಕ್ರವಾರಕ್ಕೆ, ಆದರೆ ಅಲ್ಲಿ ಶುಕ್ರವಾರ ಹಾಡುಗಾರರ ಕಾರ್ಯಕ್ರಮ ಇದೆ. ಹೀಗೆ ಎಳೆದರೆ ಬಿಚ್ಚಿಕೊಳ್ಳುವ ಹೆಣಿಗೆ. ಲೆಕ್ಕದವರ ಪಾಲಿಗೆ ಬಲು ಚೆಂದದ ಒಗಟು, ನನಗಂತೂ ಇದನ್ನು ನೋಡುವುದೇ ಖುಷಿ.

ಹಾಗಾಗಿ ಒಂದೇ ಕಟ್ಟಡದ ಎರಡು ತಂಡಗಳಿಗೆ ಅನುಕೂಲವಾದದ್ದು, ಒಬ್ಬರು ಊರಲ್ಲಿದ್ದಾಗ ಇನ್ನೊಬ್ಬರು ತಿರುಗಾಟದಲ್ಲಿರುವುದು. ಅದೂ ಕೆಲವೊಮ್ಮೆ ಕೈಕೊಡುತ್ತಿತ್ತು, ಕಾರಣ ಸರ್ಕಸ್. ಶಿಕಾಗೋದಲ್ಲಿ ಪ್ರತಿ ನವೆಂಬರ್ ಬಂತೆಂದರೆ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ಆನೆ, ಹುಲಿ ಸಮೇತ ಬಂದು ಯುನೈಟೆಡ್ ಸೆಂಟರ್‌ನಲ್ಲಿ ಎರಡು ವಾರ ಬೀಡುಬಿಡುತ್ತಿತ್ತು. ಬ್ಯಾಸ್ಕೆಟ್‌ಬಾಲ್‌ನ ಬುಲ್ಸ್, ಹಾಕಿಯ ಬ್ಲ್ಯಾಕ್‌ಹಾಕ್ಸ್ ಎರಡೂ ತಂಡ ಗಂಟುಮೂಟೆ ಕಟ್ಟಿಕೊಂಡು ಊರು ಬಿಡಬೇಕು. ಅದಕ್ಕೆ ‘ಸರ್ಕಸ್ ಟ್ರಿಪ್’ ಅಂತಲೇ ಹೆಸರಾಗಿತ್ತು. ಮೈಕೆಲ್ ಜೋರ್ಡನ್ ಇದ್ದ ತಂಡವೂ ಆನೆಗೆ ಜಾಗ ಬಿಟ್ಟುಕೊಡಬೇಕಿತ್ತು ನೋಡಿ. 2017ರ ಮೇ ತಿಂಗಳಲ್ಲಿ ಆ ಸರ್ಕಸ್ಸೇ ಮುಚ್ಚಿತು, ಟ್ರಿಪ್ಪೂ ನಿಂತಿತು. ಈಚೆಗೆ ಸರ್ಕಸ್ ಮತ್ತೆ ಶುರುವಾಗಿದೆ, ಪ್ರಾಣಿಗಳಿಲ್ಲದೆ.

ನ್ಯೂಯಾರ್ಕಿನ ಕಥೆ ಇನ್ನೂ ಹಳೆಯದು. 1928ರಲ್ಲಿ ರೇಂಜರ್ಸ್ ಹಾಕಿ ತಂಡ ಹಾಕಿಯ ಅತಿ ದೊಡ್ಡ ಕಪ್ಪಾದ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಬಂತು, ಅದೇ ಹೊತ್ತಿಗೆ ಅವರ ಅರೀನಾ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಸರ್ಕಸ್ಸೂ ಬಂತು. ಫೈನಲ್‌ನ ಎಲ್ಲ ಪಂದ್ಯಗಳನ್ನೂ ಎದುರಾಳಿಯ ಊರಾದ ಮಾಂಟ್ರಿಯಲ್‌ನಲ್ಲೇ ಆಡಿದರು. ಅಲ್ಲಿ ಅವರ ಗೋಲ್‌ಕೀಪರ್ ಕಣ್ಣಿಗೆ ಪೆಟ್ಟಾಗಿ, 44 ವರ್ಷದ ಕೋಚ್ ಲೆಸ್ಟರ್ ಪ್ಯಾಟ್ರಿಕ್ ತಾನೇ ಗೋಲಿನಲ್ಲಿ ನಿಂತರು, ಆದರೂ ಕಪ್ ಗೆದ್ದರು. 1950ರಲ್ಲಿ ಮತ್ತೆ ಫೈನಲ್, ಮತ್ತೆ ಸರ್ಕಸ್. ಆ ಸಲ ರೇಂಜರ್ಸ್ ತಮ್ಮ ‘ತವರಿನ’ ಎರಡು ಪಂದ್ಯಗಳನ್ನು ಆಡಿದ್ದು ಎಲ್ಲಿ ಗೊತ್ತಾ? ನಿಮ್ಮ ಮಗನ ಊರು ಟೊರಾಂಟೊದಲ್ಲಿ. ಉಳಿದ ಐದೂ ಡೆಟ್ರಾಯಿಟ್‌ನಲ್ಲಿ. ಏಳನೇ ಪಂದ್ಯದ ಎರಡನೇ ಹೆಚ್ಚುವರಿ ಅವಧಿಯವರೆಗೆ ಎಳೆದು ಸೋತರು. ನ್ಯೂಯಾರ್ಕಿನಲ್ಲಿ ಒಂದೇ ಒಂದು ಪಂದ್ಯ ಆಡಿದ್ದರೆ ಏನಾಗುತ್ತಿತ್ತೋ. ಬ್ಯಾಸ್ಕೆಟ್‌ಬಾಲ್‌ನ ನಿಕ್ಸ್ ಪಾಡೂ ಅದೇ: 1951, 52, 53 ಮೂರು ವರ್ಷ ಫೈನಲ್‌ಗೆ ಬಂದು ತವರಿನ ಪಂದ್ಯಗಳನ್ನು ಸೈನಿಕರ ಕವಾಯತಿನ ಕಟ್ಟಡವೊಂದರಲ್ಲಿ ಆಡಿದರು. ಮೂರೂ ಸಲ ಸೋತರು.

ಸುಮ್ನೆ ಹಳೇ ಕಥೆ ಅಂತ ಇದನ್ನು ಹೇಳಲಿಲ್ಲ. ಈ ಹಂಚಿಕೆಯಲ್ಲಿ ಎಲ್ಲಕ್ಕಿಂತ ಕಷ್ಟದ ರಾತ್ರಿ ಯಾವುದು ಅಂದರೆ, ಬೇಕಾಗುತ್ತದೋ ಇಲ್ಲವೋ ಗೊತ್ತಿಲ್ಲದ ರಾತ್ರಿ. ಏಪ್ರಿಲ್ ನಡುವಿನಿಂದ ಎರಡೂ ಲೀಗಿನ ಪ್ಲೇಆಫ್, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಸುತ್ತುಗಳು ಶುರು. ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದರೆ ಮುಗಿಯಿತು. ನಾಲ್ಕರಲ್ಲೂ ಮುಗಿಯಬಹುದು, ಏಳಕ್ಕೂ ಹೋಗಬಹುದು. ತಂಡ ಮುಂದಿನ ಸುತ್ತಿಗೆ ಹೋದರೆ ಬೇಕು, ಸೋತರೆ ಬೇಡ. ಹಾಗಾಗಿ ಎರಡು ತಂಡಕ್ಕೂ ಜೂನ್‌ವರೆಗೆ ಒಂದಷ್ಟು ರಾತ್ರಿಗಳನ್ನು ಹಿಡಿದಿಟ್ಟುಕೊಂಡು ಕೂರಬೇಕು. ತಂಡ ಬೇಗ ಸೋತರೆ ಆ ರಾತ್ರಿಗಳ ಬಾಡಿಗೆ ನಷ್ಟ. ಹಿಡಿದಿಡದೆ ಬೇರೆಯವರಿಗೆ ಕೊಟ್ಟು, ತಂಡ ಗೆದ್ದುಬಿಟ್ಟರೆ?

ಡೆನ್ವರ್‌ನಲ್ಲಿ 2009ರಲ್ಲಿ ಇದೇ ಆಯಿತು. ಮೇ 25ರ ಸೋಮವಾರಕ್ಕೆ ಅರೀನಾದವರು ತಿಂಗಳುಗಟ್ಟಲೆ ಮೊದಲೇ ಡಬ್ಲ್ಯುಡಬ್ಲ್ಯುಇ ಕುಸ್ತಿ ಶೋಗೆ ಕೊಟ್ಟಿದ್ದರು. ಊರಿನ ಬ್ಯಾಸ್ಕೆಟ್‌ಬಾಲ್ ತಂಡ ನಗೆಟ್ಸ್ ಅಷ್ಟು ದೂರ ಬಂದಿದ್ದು ಬಹಳ ವರ್ಷಗಳ ಮೇಲೆ. ಬಂದೇ ಬಂತು, ಸೆಮಿಫೈನಲ್ ಸರಣಿಯ ನಾಲ್ಕನೇ ಪಂದ್ಯ ಲಾಸ್ ಏಂಜಲಿಸ್‌ನ ಲೇಕರ್ಸ್ ಎದುರು ಅದೇ ರಾತ್ರಿಗೆ. ತಂಡಕ್ಕೂ ಕಟ್ಟಡಕ್ಕೂ ಯಜಮಾನ ಒಬ್ಬರೇ, ಆದರೂ ಸಿಕ್ಕಿಹಾಕಿಕೊಂಡರು. ಕುಸ್ತಿಯವರು ಬಿಡ್ತಾರಾ, ವಾರವಿಡೀ ಟಿವಿಯಲ್ಲಿ ಅದನ್ನೇ ಹಾಸ್ಯ ಮಾಡಿ, ಶೋವನ್ನು ಲಾಸ್ ಏಂಜಲಿಸ್‌ನ ಸ್ಟೇಪಲ್ಸ್ ಸೆಂಟರ್‌ಗೆ ಸಾಗಿಸಿದರು. ಲೇಕರ್ಸ್ ಡೆನ್ವರ್‌ಗೆ ಬಂದಿದ್ದರಿಂದ ಅವರ ಮನೆ ಖಾಲಿ ಇತ್ತು! ಒಬ್ಬ ಯಜಮಾನ ಇದ್ದರೆ ಜಗಳ ಒಳಗೇ ತೀರುತ್ತದೆ ಅಂದೆನಲ್ಲ, ತನ್ನದೇ ತಂಡದ ಮೇಲೆ ನಂಬಿಕೆ ಇಲ್ಲದಿದ್ದರೆ ಅದಕ್ಕೆ ಯಾರೂ ಏನೂ ಮಾಡಲಾಗದು.

ಸರಿಯಾಗಿ ನಿಭಾಯಿಸಿದ್ದಕ್ಕೆ ಉದಾಹರಣೆ ಬೇಕಾದರೆ ಅದೇ ಸ್ಟೇಪಲ್ಸ್ ಸೆಂಟರ್, 2012ರ ಮೇ. ಆಗ ಅಲ್ಲಿ ಎರಡಲ್ಲ, ಮೂರು ತಂಡ: ಲೇಕರ್ಸ್, ಕ್ಲಿಪ್ಪರ್ಸ್, ಹಾಕಿಯ ಕಿಂಗ್ಸ್. ಮೂರೂ ಪ್ಲೇಆಫ್‌ನಲ್ಲಿ. ಮೇ 17ರಿಂದ 20ರೊಳಗೆ, ನಾಲ್ಕು ದಿನದಲ್ಲಿ, ಆರು ಪಂದ್ಯ. ಗುರುವಾರ ರಾತ್ರಿ ಹಾಕಿ. ಶುಕ್ರವಾರ ರಾತ್ರಿ ಲೇಕರ್ಸ್. ಶನಿವಾರ ಮಧ್ಯಾಹ್ನ ಕ್ಲಿಪ್ಪರ್ಸ್, ರಾತ್ರಿ ಲೇಕರ್ಸ್. ಭಾನುವಾರ ಮಧ್ಯಾಹ್ನ ಹಾಕಿ, ರಾತ್ರಿ ಮತ್ತೆ ಕ್ಲಿಪ್ಪರ್ಸ್. ಲೇಕರ್ಸ್ ಕೋರ್ಟೇ ಬೇರೆ, ಕ್ಲಿಪ್ಪರ್ಸ್ ಕೋರ್ಟೇ ಬೇರೆ, ಬಣ್ಣ ಬೇರೆ, ಹಾಗಾಗಿ ಬ್ಯಾಸ್ಕೆಟ್‌ಬಾಲ್‌ನಿಂದ ಬ್ಯಾಸ್ಕೆಟ್‌ಬಾಲ್‌ಗೂ ನೆಲ ಬದಲಿಸಬೇಕು. ಎಣಿಸಿ ನೋಡಿ, ಐದು ಸಲ. ಭಾನುವಾರ ಹೊರಗಡೆ ರಸ್ತೆಯಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ಸೈಕಲ್ ರೇಸ್ ಬೇರೆ ಅಲ್ಲೇ ಬಂದು ಮುಗಿಯಿತು. ಯಾವ ಪಂದ್ಯವೂ ನಿಲ್ಲಲಿಲ್ಲ. ಆ ವರ್ಷ ಕಿಂಗ್ಸ್ ಕಪ್ಪನ್ನೂ ಗೆದ್ದರು. ನನ್ನ ಕೇಳಿದರೆ ಅರ್ಧ ಕಪ್ ಆ ರಾತ್ರಿ ಪಾಳಿಯವರಿಗೆ ಸೇರಬೇಕು.

ಮೂರು ತಂಡ ಅಂದರೆ ವರ್ಷಕ್ಕೆ 123 ತವರಿನ ಪಂದ್ಯ. ಅದರಲ್ಲಿ ಕೊನೆಯ ಪಾಲು ಯಾವಾಗಲೂ ಕ್ಲಿಪ್ಪರ್ಸ್‌ದು, ವಾರಾಂತ್ಯದ ಮಧ್ಯಾಹ್ನ 12:30ರ ಪಂದ್ಯಗಳು ಅವರ ಹಣೆಬರಹ ಆಗಿಹೋಗಿದ್ದವು. ಕೊನೆಗೆ ಮೈಕ್ರೋಸಾಫ್ಟ್‌ನಲ್ಲಿದ್ದ ಸ್ಟೀವ್ ಬಾಲ್ಮರ್ ತಂಡ ಕೊಂಡು, ಸುಮಾರು 200 ಕೋಟಿ ಡಾಲರ್ ಸುರಿದು ಇಂಗಲ್‌ವುಡ್‌ನಲ್ಲಿ ಸ್ವಂತ ಮನೆ ಕಟ್ಟಿಸಿದರು. 2024ರಲ್ಲಿ ಗೃಹಪ್ರವೇಶ. ಅಷ್ಟು ದುಡ್ಡು ಕೊಟ್ಟು ಕೊಂಡದ್ದರಲ್ಲಿ ಒಳ್ಳೆಯ ರಾತ್ರಿಗಳೂ ಸೇರಿವೆ ಅಂತ ನನ್ನ ಲೆಕ್ಕ.

ಹಾಗಾದರೆ ಎಲ್ಲರೂ ಬೇರೆ ಮನೆ ಮಾಡಬಹುದಲ್ಲ? ದುಡ್ಡಿನ ಲೆಕ್ಕ ಉಲ್ಟಾ ಎಳೆಯುತ್ತದೆ. ಫಿಲಡೆಲ್ಫಿಯಾದ ಸೆವೆಂಟಿಸಿಕ್ಸರ್ಸ್ ಊರ ನಡುವೆ ತಮ್ಮದೇ ಅರೀನಾ ಕಟ್ಟುವುದಾಗಿ ವರ್ಷಗಟ್ಟಲೆ ಓಡಾಡಿ, 2025ರ ಜನವರಿಯಲ್ಲಿ ಅದನ್ನು ಕೈಬಿಟ್ಟು, ಹಾಕಿಯವರ ಜತೆಯೇ ಸೇರಿ ಹೊಸದೊಂದನ್ನು ಕಟ್ಟುತ್ತೇವೆ ಅಂದರು. ಒಂದು ತಂಡಕ್ಕೆ 41 ರಾತ್ರಿ, ಉಳಿದ ದಿನ ಅಷ್ಟು ದೊಡ್ಡ ಕಟ್ಟಡವನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಯಾರನ್ನೂ ಬಿಡುವುದಿಲ್ಲ. ಸೇರಿಸಿ ಕಟ್ಟದೆ ಆಮೇಲೆ ಸೇರಿಸಿದರೆ ಬೇರೆ ಫಜೀತಿ. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್ ಬ್ಯಾಸ್ಕೆಟ್‌ಬಾಲ್‌ಗೆ ಅಂತ ಕಟ್ಟಿದ್ದು. 2015ರಲ್ಲಿ ಐಲ್ಯಾಂಡರ್ಸ್ ಹಾಕಿ ತಂಡ ಅಲ್ಲಿಗೆ ಬಂದಾಗ ರಿಂಕು ಒಂದು ಕಡೆಗೆ ಸರಿದು ಕೂತಿತು, ಮೇಲಿನ ಸ್ಕೋರ್‌ಬೋರ್ಡ್ ನಡುವಿಗೆ ಬರಲೇ ಇಲ್ಲ, ಕೆಲವು ಸೀಟಿನವರಿಗೆ ಒಂದು ಗೋಲೇ ಕಾಣುತ್ತಿರಲಿಲ್ಲ. ಸಾಲ್ಟ್ ಲೇಕ್ ಸಿಟಿಯಲ್ಲೂ 2024ರಲ್ಲಿ ಹಾಕಿ ಬಂದಾಗ, ಅಡ್ಡಿಯಿಲ್ಲದೆ ಪೂರ್ತಿ ಐಸ್ ಕಾಣುವ ಸೀಟು ಬರೀ 11,131. ಈಗ ಹಿಂದೆಮುಂದೆ ಸರಿಯುವ ಹೊಸ ಮೆಟ್ಟಿಲು ಹಾಕಿಸಿ ಸರಿಪಡಿಸುತ್ತಿದ್ದಾರೆ.

ಸರಿ, ನಿಮ್ಮ ಮೊಮ್ಮಗನ ವಿಷಯಕ್ಕೆ ಬರೋಣ. ಹಾಕಿಯ ವೇಳಾಪಟ್ಟಿ ಸಾಮಾನ್ಯವಾಗಿ ಜುಲೈನಲ್ಲಿ ಬರುತ್ತದೆ, ಬ್ಯಾಸ್ಕೆಟ್‌ಬಾಲ್‌ನದು ಆಗಸ್ಟ್ ನಡುವಿನಲ್ಲಿ. ಎರಡೂ ಬರುವವರೆಗೆ ವಿಮಾನದ ಟಿಕೆಟ್ ತೆಗೆಯಬೇಡಿ. ಬಂದ ಮೇಲೆ ಮೊದಲು ಲೀಫ್ಸ್ ಪಟ್ಟಿಯಲ್ಲಿ ತವರಿನ ಶನಿವಾರಗಳನ್ನು ಗುರುತು ಹಾಕಿ, ಆಮೇಲೆ ಅದರ ಹಿಂದಿನ ಶುಕ್ರವಾರ ಅಥವಾ ಮುಂದಿನ ಭಾನುವಾರ ರಾಪ್ಟರ್ಸ್ ಊರಲ್ಲಿದ್ದಾರಾ ನೋಡಿ. ಈ ಕ್ರಮದಲ್ಲೇ ನೋಡಿ, ಉಲ್ಟಾ ಹುಡುಕಿದರೆ ಸುಮ್ಮನೆ ಸುಸ್ತು. ಡಿಸೆಂಬರ್ ಮೊದಲೆರಡು ವಾರ ಬಿಡಿ: ಎನ್‌ಬಿಎ ಕಪ್ ಅಂತ 2023ರಿಂದ ಒಂದು ನಡುವಿನ ಪಂದ್ಯಾವಳಿ ಬಂದಿದೆ, ಅದಕ್ಕಾಗಿ ಆಗಸ್ಟ್‌ನಲ್ಲಿ ಪ್ರತಿ ತಂಡಕ್ಕೆ 80 ಪಂದ್ಯ ಮಾತ್ರ ಹೇಳಿ, ಉಳಿದ ಎರಡನ್ನು ಆಮೇಲೆ ಸೇರಿಸುತ್ತಾರೆ. ಏಪ್ರಿಲ್ ನಡುವಿನ ನಂತರವೂ ಬೇಡ, ಆಗಿನ ದಿನಗಳು ನನಗಲ್ಲ, ಲೀಗಿನವರಿಗೂ ಗೊತ್ತಿರುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಹುಡುಕಿದರೆ ಖಂಡಿತ ಸಿಗುತ್ತದೆ. ಲೀಫ್ಸ್ ಟಿಕೆಟ್ ಬೆಲೆ ನೋಡಿ ಗಾಬರಿಯಾಗಬೇಡಿ, ಅದು ಮಗನ ತಲೆನೋವು.

ಮತ್ತೆ ಶುಕ್ರವಾರದ ಪಂದ್ಯ ಮುಗಿದ ತಕ್ಷಣ ಎದ್ದು ಹೊರಡಬೇಡಿ. ಕಾವಲಿನವರು ಬಂದು ಏಳಿ ಅನ್ನುವವರೆಗೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಫೋರ್ಕ್‌ಲಿಫ್ಟ್ ಬಂದು, ಬುಟ್ಟಿಯ ಕಂಬ ಹೊರಗೆ ಹೋಗಿ, ಮೂಲೆಯ ಮೊದಲ ಹಲಗೆ ಎದ್ದರೆ ಕೆಳಗೆ ಏನಿದೆ ಅಂತ ಅವನಿಗೇ ಕಾಣುತ್ತದೆ.